ಓದುಗರ ಪ್ರಶ್ನೆ: ಪ್ರಳಯದ ಕಥೆಗಳೆಲ್ಲ ಒಂದೇ ಪ್ರಳಯದವೇ?

ಪ್ರಶ್ನೆ: ಮಳೆಗಾಲದಲ್ಲಿ ಮಧುವಾಹಿನಿ ಹೊಳೆ ಮಧೂರು ದೇವಸ್ಥಾನದ ಅಂಗಳಕ್ಕೆ ನುಗ್ಗುವುದನ್ನು ಚಿಕ್ಕಂದಿನಿಂದಲೂ ನೋಡಿದವನು ನಾನು. ಮನುವಿನ ದೋಣಿ, ನೋಹನ ನಾವೆ, ಬ್ಯಾಬಿಲೋನಿನ ಕಥೆ ಇವೆಲ್ಲ ಒಂದನ್ನೊಂದು ಹೋಲುವುದರಿಂದ ಹಿಂದೊಮ್ಮೆ ಭೂಮಿಯೆಲ್ಲ ಮುಳುಗಿದ್ದು ನಿಜವೆಂದು ನಮ್ಮ ನೆರೆಕರೆಯ ಮಾಷ್ಟ್ರೊಬ್ಬರು ಹೇಳುತ್ತಾರೆ. ಇದನ್ನು ನಂಬಬಹುದೇ?
– ಓದುಗರೊಬ್ಬರು, ಕಾಸರಗೋಡು

ಉತ್ತರ: ಮನುಷ್ಯರ ಕಾಲದಲ್ಲಿ ಭೂಮಿಯೆಲ್ಲ ಒಮ್ಮೆಗೇ ಮುಳುಗಿತ್ತೆನ್ನಲು ಭೂವಿಜ್ಞಾನದಲ್ಲಿ ಆಧಾರವಿಲ್ಲ. ಹಾಗೆಂದು ಮಾಷ್ಟ್ರ ಮಾತನ್ನು ತಳ್ಳಿಹಾಕುವುದೂ ನ್ಯಾಯವಲ್ಲ, ಏಕೆಂದರೆ ಅವರು ಗಮನಿಸಿದ ಹೋಲಿಕೆ ಸುಳ್ಳಲ್ಲ. ಆದರೆ ಎಲ್ಲ ಹೋಲಿಕೆಗಳ ತೂಕವೂ ಒಂದೇ ಅಲ್ಲ.

1872ರ ಡಿಸೆಂಬರಿನಲ್ಲಿ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸರು ಬ್ಯಾಬಿಲೋನಿನ ಗಿಲ್ಗಮೆಶ್ ಕಾವ್ಯದ ಪ್ರಳಯಭಾಗವನ್ನು ಮಣ್ಣಿನ ಫಲಕಗಳಿಂದ ಬಿಡಿಸಿ ಲಂಡನ್ನಿನ ಸಭೆಯೊಂದರಲ್ಲಿ ಓದಿದಾಗ ಕೇಳಿದವರು ಬೆರಗಾದರು. ಅದರಲ್ಲಿ ಗಮನಿಸಬೇಕಾದದ್ದು ನೀರು ಏರಿದ ಸಂಗತಿಯನ್ನಲ್ಲ, ಹಕ್ಕಿಗಳನ್ನು. ಆ ಕಥೆಯ ಉತ್ನಪಿಷ್ಟಿಮ್ ನೆಲ ಕಂಡಿತೇ ಎಂದು ತಿಳಿಯಲು ಒಂದಾದ ಮೇಲೊಂದರಂತೆ ಮೂರು ಹಕ್ಕಿಗಳನ್ನು ಹಾರಿಬಿಡುತ್ತಾನೆ. ಬೈಬಲ್ಲಿನ ನೋಹನೂ ಕಾಗೆಯನ್ನು, ಪಾರಿವಾಳವನ್ನು ಹಾರಿಬಿಡುತ್ತಾನೆ. ಇಬ್ಬರ ನಾವೆಯೂ ಬೆಟ್ಟದ ಮೇಲೆ ನಿಲ್ಲುತ್ತದೆ. ನೆರೆ ಎಲ್ಲ ಊರಿಗೂ ಬರಬಹುದು, ಆದರೆ ಇಂಥ ವಿವರ ಬಾಯಿಂದ ಬಾಯಿಗೆ ಬಂದದ್ದೇ ಹೊರತು ಎರಡು ಕಡೆ ತಾನಾಗಿ ಹುಟ್ಟಿದ್ದಲ್ಲ. ಅಂದರೆ ಈ ಎರಡು ಕಥೆಗಳು ಎರಡು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಎರಡು ಹೇಳಿಕೆಗಳು.

ಆ ಒಂದು ಸಾಕ್ಷಿಯ ಹಿಂದೆ ನಿಜವಾದ ನೆರೆಯೊಂದು ಇದ್ದಿರಬಹುದು. ಬ್ಯಾಬಿಲೋನಿದ್ದ ಇಂದಿನ ಇರಾಕಿನಲ್ಲಿ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಉಕ್ಕುವುದು ಉತ್ತರದ ಬೆಟ್ಟಗಳ ಹಿಮ ಕರಗುವ ವಸಂತದಲ್ಲಿ, ಪೈರು ಕೊಯ್ಲಿಗೆ ಬರುವ ಹೊತ್ತಿಗೆ ಸರಿಯಾಗಿ. ಸಮತಟ್ಟಾದ ಆ ನೆಲದಲ್ಲಿ ಓಡಿ ಹತ್ತಲು ಗುಡ್ಡವೂ ಇಲ್ಲ. ಉತ್ನಪಿಷ್ಟಿಮನ ಊರಾದ ಶುರುಪ್ಪಕ್‌ನಲ್ಲಿ ಕ್ರಿಸ್ತಪೂರ್ವ 2900ರ ಸುಮಾರಿನ ನೆರೆಮಣ್ಣಿನ ಪದರವೊಂದು ಅಗೆತದಲ್ಲಿ ಸಿಕ್ಕಿದೆ. ಲಿಯೊನಾರ್ಡ್ ವೂಲಿ ಅಗೆದ ಉರ್ ಪಟ್ಟಣದಲ್ಲಿ ಸಿಕ್ಕಿದ ಪದರ 3 ಮೀಟರಿಗೂ ದಪ್ಪವಾಗಿತ್ತು, ಆದರೆ ಅದು ಇನ್ನೂ ಬಹಳ ಹಿಂದಿನದು; ಉರ್‌ಗೆ ಹತ್ತಿರದ ಎರಿದುವಿನಲ್ಲಿ ಅಂಥ ಪದರವೇ ಕಾಣಲಿಲ್ಲ. ಪಕ್ಕದ ಊರನ್ನೂ ಮುಟ್ಟದ ನೆರೆಯನ್ನು ಜಗತ್ಪ್ರಳಯವೆನ್ನಲಾಗದು.

ಮನುವಿನ ಕಥೆಯ ದಾರಿ ಬೇರೆ. ಶತಪಥ ಬ್ರಾಹ್ಮಣವೆಂಬ ವೈದಿಕ ಗ್ರಂಥದಲ್ಲಿ ಕೈ ತೊಳೆಯುವ ನೀರಿನೊಡನೆ ಮನುವಿನ ಅಂಗೈಗೆ ಬಂದ ಮರಿಮೀನು, ಮೀನನ್ನು ಮೀನೇ ನುಂಗುತ್ತದೆ, ದೊಡ್ಡದಾಗುವ ತನಕ ನನ್ನನ್ನು ಕಾಪಾಡು ಎಂದು ಬೇಡುತ್ತದೆ. ಅಲ್ಲಿ ಹಕ್ಕಿಗಳಿಲ್ಲ, ದೋಣಿಯಲ್ಲಿ ಪ್ರಾಣಿಗಳ ಜೋಡಿಗಳಿಲ್ಲ, ಆ ಮೀನು ವಿಷ್ಣುವೂ ಅಲ್ಲ. ಮಹಾಭಾರತಕ್ಕೆ ಬರುವಾಗ ಸಪ್ತರ್ಷಿಗಳೂ ಬೀಜಗಳೂ ದೋಣಿ ಏರುತ್ತವೆ, ಮೀನು ತಾನು ಬ್ರಹ್ಮನೆನ್ನುತ್ತದೆ. ಭಾಗವತದಲ್ಲಿ ಅದೇ ಮೀನು ವಿಷ್ಣುವಿನ ಅವತಾರ. ಅದು ಸಿಕ್ಕುವುದು ದ್ರವಿಡ ದೇಶದ ದೊರೆ ಸತ್ಯವ್ರತನಿಗೆ, ಕೃತಮಾಲಾ ನದಿಯಲ್ಲಿ. ಮದುರೆಯ ವೈಗೈ ನದಿಯೇ ಈ ಕೃತಮಾಲೆಯೆಂದು ಹೇಳುವುದುಂಟು. ಕಥೆ ದಕ್ಷಿಣಕ್ಕೆ ಬಂದಾಗ ಹೊಳೆಯೂ ದಕ್ಷಿಣದ್ದೇ ಆಯಿತು! ನನಗೆ ಇದು ಎಲ್ಲ ಅಗೆತಗಳಿಗಿಂತ ದೊಡ್ಡ ಪುರಾವೆಯಾಗಿ ಕಾಣುತ್ತದೆ: ಕೇಳಿದವರು ಪ್ರಳಯವನ್ನು ತಮ್ಮ ಕಣ್ಣೆದುರಿನ ನೀರಿಗೇ ಕಟ್ಟಿಕೊಳ್ಳುತ್ತಾರೆ. ಚೀನಾದ ಯು ಎಂಬ ನಾಯಕನಂತೂ ದೋಣಿ ಕಟ್ಟುವುದೇ ಇಲ್ಲ. ಕಾಲುವೆ ತೋಡಿ ನೆರೆಯನ್ನು ಕಡಲಿಗೆ ಇಳಿಸುತ್ತಾನೆ.

ಹಿಮಯುಗ ಮುಗಿದಾಗ ಏರಿದ ಕಡಲಿನ ನೆನಪೇ ಇದೆಲ್ಲ ಎನ್ನುವವರಿದ್ದಾರೆ. ಸುಮಾರು 20,000 ವರ್ಷಗಳ ಹಿಂದೆ ಕಡಲ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು, ನಮ್ಮ ಬೇಕಲದ ತೀರವೂ ಆಗ ಎಷ್ಟೋ ಪಡುವಣಕ್ಕಿತ್ತು ಎಂಬುದು ನಿಜ. ಆದರೆ ಸರಾಸರಿ ನೋಡಿದರೆ ಆ ಏರಿಕೆ ಒಬ್ಬನ ಜೀವಮಾನದಲ್ಲಿ ಮೊಣಕಾಲು ಮುಳುಗುವಷ್ಟು ಮಾತ್ರ. ಅದಕ್ಕೆ ಗುಡಿಸಲನ್ನು ಹಿಂದಕ್ಕೆ ಸರಿಸಿದರೆ ಸಾಕು, ನಾವೆ ಬೇಕಾಗಿಲ್ಲ. ಕಪ್ಪುಸಮುದ್ರಕ್ಕೆ ಸುಮಾರು 7,500 ವರ್ಷಗಳ ಹಿಂದೆ ಕಡಲು ಒಮ್ಮೆಲೇ ನುಗ್ಗಿತೆಂದು ರಯಾನ್ ಮತ್ತು ಪಿಟ್ಮನ್ 1997ರಲ್ಲಿ ಮಂಡಿಸಿದ ವಾದವನ್ನು ಅನೇಕ ಭೂವಿಜ್ಞಾನಿಗಳು ಒಪ್ಪಿಲ್ಲ.

ನಮ್ಮ ಕರಾವಳಿಯ ಕಥೆಯಲ್ಲಿ ಕಡಲು ಏರುವುದಿಲ್ಲ, ಪರಶುರಾಮನ ಕೊಡಲಿಗೆ ಹೆದರಿ ಹಿಂದೆ ಸರಿಯುತ್ತದೆ ಎಂಬುದನ್ನು ಮಾಷ್ಟ್ರಿಗೆ ನೆನಪಿಸಬಹುದು. ಅದರಲ್ಲಿ ನೀರಿನ ನೆನಪಿಗಿಂತ ಭೂಮಿಯ ಒಡೆತನದ ವಿಚಾರವೇ ಹೆಚ್ಚೆಂದು ನನ್ನ ಅನಿಸಿಕೆ.

ಹಲವು ನೆರೆಗಳು ಹೇಗೆ ಒಂದೇ ಆಗುತ್ತವೆ ಎಂಬುದಕ್ಕೆ ಬ್ಯಾಬಿಲೋನಿಗೆ ಹೋಗಬೇಕಾಗಿಲ್ಲ. ನೇತ್ರಾವತಿಯ ದೊಡ್ಡ ಬೊಳ್ಳ (ತುಳುವಿನಲ್ಲಿ ನೆರೆ) 1923ರದ್ದು. ಮಲಯಾಳಿಗಳು ‘ತೊಂಬತ್ತೊಂಬತ್ತರ ನೆರೆ’ ಎನ್ನುವುದು ಮಲಯಾಳಿ ಪಂಚಾಂಗದ ಕೊಲ್ಲವರ್ಷ 1099ರದ್ದು, ಅಂದರೆ 1924ರ ಜುಲೈಯದು. ನಡುವೆ ಇರುವ ನಮ್ಮ ಕಾಸರಗೋಡಿನಲ್ಲಿ ಎರಡು ಭಾಷೆಗಳ ಹಿರಿಯರಿಂದ ಎರಡನ್ನೂ ಕೇಳಿದವರು ಈಗ ‘ಅಜ್ಜನ ಕಾಲದ ದೊಡ್ಡ ನೆರೆ’ ಎಂದು ಒಂದನ್ನೇ ಹೇಳುವುದನ್ನು ನಾನು ಕೇಳಿದ್ದೇನೆ. ಬರವಣಿಗೆಯೂ ಪತ್ರಿಕೆಯೂ ಇದ್ದು ನೂರೇ ವರ್ಷಗಳಲ್ಲಿ ಇಷ್ಟಾಗಿದೆ.