ಏಪ್ರಿಲ್ ಸೆಕೆಯಲ್ಲಿ ಗೆಕ್ಕೊ: ಹೀಟ್ ಮ್ಯಾಟ್ ಬೇಕಾ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಪುಣೆಯ ಕೋಥ್ರೂಡ್‌ನಲ್ಲಿ ಮೇಲಿನ ಮಹಡಿಯ ಫ್ಲಾಟ್‌ನಲ್ಲಿದ್ದೇವೆ. ಮಗಳು ಕ್ರೆಸ್ಟೆಡ್ ಗೆಕ್ಕೊ ಅನ್ನೋ ಹಲ್ಲಿ ಸಾಕಿದ್ದಾಳೆ. ಅಂಗಡಿಯವರು ಹೀಟ್ ಮ್ಯಾಟ್ (ಗೂಡಿಗೆ ಶಾಖ ಕೊಡುವ ಕರೆಂಟ್ ಹಾಸು) ಹಾಕಲೇಬೇಕು ಅಂದಿದ್ದರು. ಈಗ ಮಧ್ಯಾಹ್ನ ಗೂಡಿನೊಳಗೆ 32 ಡಿಗ್ರಿ ತೋರಿಸುತ್ತಿದೆ. ಗೋಡೆ ಮೇಲಿನ ಹಲ್ಲಿಗಳು ಆರಾಮಾಗಿವೆ, ಇದಕ್ಕೂ ನಡೆಯುತ್ತೆ ಅಲ್ವಾ?

ಉತ್ತರ: ನಡೆಯುವುದಿಲ್ಲ. ಇವತ್ತೇ ಹೀಟ್ ಮ್ಯಾಟ್‌ನ ಪ್ಲಗ್ ತೆಗೆಯಿರಿ.

ಈ ಗೆಕ್ಕೊ ಮೂಲತಃ ಆಸ್ಟ್ರೇಲಿಯಾದ ಪೂರ್ವಕ್ಕಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪದ್ದು. ಅಲ್ಲಿ ತಂಪಾದ ಕಾಡಿನ ಗಿಡಗಳ ಮೇಲೆ ಬದುಕುತ್ತದೆ, ಓಡಾಟವೆಲ್ಲ ರಾತ್ರಿ. ಇದಕ್ಕೆ ಹಿತವಾಗಿರುವುದು 22ರಿಂದ 26 ಡಿಗ್ರಿ. 28 ದಾಟಿ ಗಂಟೆಗಟ್ಟಲೆ ಇದ್ದರೆ ಜೀವಕ್ಕೇ ಅಪಾಯ. ನಮ್ಮ ಮನೆಹಲ್ಲಿ ಸೆಕೆಯಾದರೆ ಟ್ಯೂಬ್‌ಲೈಟ್ ಬಿಟ್ಟು ಬಚ್ಚಲಿಗೆ ಓಡುತ್ತದೆ. ಗಾಜಿನ ಗೂಡಿನಲ್ಲಿರುವುದು ಎಲ್ಲಿಗೆ ಓಡಬೇಕು?

ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ ಅಂತ ನೀವು ಬರೆದಿಲ್ಲ. ಗಾಜಿಗೆ ಅಂಟಿಸುವ ಸ್ಟಿಕ್ಕರ್ ನಂಬಬೇಡಿ. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಗೆಕ್ಕೊ ಹಗಲು ಮಲಗುವ ಎತ್ತರದಲ್ಲೇ ಅದರ ತುದಿ ಇಡಿ. ಬಿಸಿ ಮೇಲೇರುತ್ತದೆ, ಹಾಗಾಗಿ ತಳದಲ್ಲಿ 29 ಇದ್ದರೆ ಮೇಲೆ ಇನ್ನೂ ಜಾಸ್ತಿ ಇರಬಹುದು. ಮುಚ್ಚಳದ ಮೇಲೆ ಬಲ್ಬ್ ಇದ್ದರೆ ಅದನ್ನೂ ಆರಿಸಿ.

ಮೇಲಿನ ಮಹಡಿಯಲ್ಲಿ ಸಂಜೆಯಾದರೂ ಸ್ಲ್ಯಾಬ್ ಕಾದೇ ಇರುತ್ತದೆ. ಗೂಡನ್ನು ಪಶ್ಚಿಮದ ಗೋಡೆಯಿಂದ ದೂರ, ಒಳಕೋಣೆಯ ನೆಲಕ್ಕೆ ಇಳಿಸಿ. ಎಸಿ ಇದ್ದರೆ ಹಗಲು 25ಕ್ಕೆ ಹಾಕಿ, ಗಾಳಿ ನೇರವಾಗಿ ಗೂಡಿಗೆ ಬಡಿಯದಿರಲಿ. ಎಸಿ ಇಲ್ಲದಿದ್ದರೂ ದಾರಿಯಿದೆ. ಪುಣೆಯ ಏಪ್ರಿಲ್ ಗಾಳಿ ಒಣಗಾಳಿ. ಜಾಲರಿ ಮುಚ್ಚಳದ ಅರ್ಧಕ್ಕೆ ಒದ್ದೆ ಬಟ್ಟೆ ಹೊದಿಸಿ, ಪಕ್ಕದಿಂದ ಸಣ್ಣ ಫ್ಯಾನ್ ಬಿಡಿ. ನೀರು ಆರುವಾಗ ಒಳಗಿನ ಶಾಖವನ್ನೂ ಎಳೆದುಕೊಳ್ಳುತ್ತದೆ. ಮುಂಬೈಯ ಜಿಗುಟು ಸೆಕೆಯಲ್ಲಿ ಇದು ಅಷ್ಟಾಗಿ ಕೆಲಸ ಮಾಡುವುದಿಲ್ಲ, ಅಲ್ಲಿ ಎಸಿಯೇ ಗತಿ. ಕರೆಂಟ್ ಹೋದರೆ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಮೇಲಿಡಿ, ತಂಪು ಕೆಳಗಿಳಿಯುತ್ತದೆ. ಗೂಡಿನೊಳಗೆ ಐಸ್ ಮಾತ್ರ ಹಾಕಬೇಡಿ.

ಸಂಜೆ ಎಲೆಗಳಿಗೆ ನೀರು ಸಿಂಪಡಿಸಿ. ಆ ಹನಿಗಳನ್ನು ನೆಕ್ಕಿಯೇ ಅದು ನೀರು ಕುಡಿಯುತ್ತದೆ.

ಬಾಯಿ ತೆರೆದೇ ಕೂತಿದ್ದರೆ, ಮುಟ್ಟಿದರೂ ಅಲ್ಲಾಡದಿದ್ದರೆ, ಸುಮ್ನೆ ಕಾಯಬೇಡಿ. ತಂಪು ಕೋಣೆಗೆ ಒಯ್ದು, ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ. ಅವರ ನಂಬರ್ ಈಗಲೇ ಹುಡುಕಿಟ್ಟುಕೊಳ್ಳಿ.

ಹೀಟ್ ಮ್ಯಾಟ್ ಎತ್ತಿಡಿ. ಜನವರಿ ರಾತ್ರಿಗಳಲ್ಲಿ ಕೋಣೆ 18 ಡಿಗ್ರಿಗಿಂತ ಕೆಳಗಿಳಿದರೆ ಬೇಕಾಗಬಹುದು. ಆಗಲೂ ಥರ್ಮೋಸ್ಟಾಟ್ (ಶಾಖ ಮಿತಿ ದಾಟಿದರೆ ತಾನೇ ಆರಿಸುವ ಸಾಧನ) ಇಲ್ಲದೆ ಹಚ್ಚಬೇಡಿ.