ಬೆಲ್ಲ ತಿಂದರೆ ಧೂಳು ಇಳಿಯುತ್ತದೆಯೇ?

ಓದುಗರ ಪತ್ರ: ನನ್ನ ಅಣ್ಣ ಹದಿನೈದು ವರ್ಷದಿಂದ ಗ್ರಾನೈಟ್ ಕಟಿಂಗ್ ಮಾಡ್ತಾನೆ. ಈಗ ಒಣಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ಸಲ ಟಿಬಿ ಮಾತ್ರೆ ಕೊಟ್ಟರು, ಕಫದಲ್ಲಿ ಮಾತ್ರ ಏನೂ ಸಿಕ್ಕಿಲ್ಲ. ಬೀಡಿ ಸೇದಿದ್ದಕ್ಕೆ ಹೀಗಾಯ್ತು ಅಂತಾರೆ ಮಾಲೀಕರು. ಮೇಸ್ತ್ರಿ ದಿನಾ ಸಂಜೆ ಬೆಲ್ಲ ಕೊಡ್ತಾರೆ, ಧೂಳು ಇಳಿದು ಹೋಗುತ್ತಂತೆ. ನಿಜವೇ?

ಸಂಪಾದಕರ ಉತ್ತರ: ಬೆಲ್ಲದಿಂದಲೇ ಶುರು ಮಾಡೋಣ. ಧೂಳಿನ ಕೆಲಸ ಇರುವ ಎಷ್ಟೋ ಕಡೆ ಈ ನಂಬಿಕೆ ಇದೆ. ಗಂಟಲಿನ ಕೆರೆತ ಸ್ವಲ್ಪ ಕಡಿಮೆ ಆಗಬಹುದು, ಅಷ್ಟೇ. ಬೆಲ್ಲ ಇಳಿಯುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಮೇಸ್ತ್ರಿಯನ್ನು ಬೈಯಬೇಡಿ. ಅವರೂ ಅದೇ ಬೆಲ್ಲ ತಿಂದು ಕೆಲಸ ಮಾಡಿದವರಿರಬೇಕು.

ಅಣ್ಣ ಮನೆಗೆ ಬಂದಾಗ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತದೆ ಅಲ್ವಾ? ಆ ದಪ್ಪ ಪುಡಿಯನ್ನು ಮೂಗು, ಗಂಟಲು ತಡೆದುಬಿಡುತ್ತವೆ. ಕೆಡುಕು ಮಾಡುವುದು ಕಣ್ಣಿಗೆ ಕಾಣದ ಪುಡಿ. ಗ್ರಾನೈಟ್‌ನಲ್ಲಿ ಬೆಣಚು, ಅಂದರೆ ಸಿಲಿಕಾ ಇರುತ್ತದೆ. ಅದರ ಸಣ್ಣ ಕಣ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗುತ್ತದೆ. ಅದನ್ನು ನುಂಗಿದ ರಕ್ಷಣಾ ಕೋಶವೇ ಸಾಯುತ್ತದೆ, ಕಣ ಕರಗುವುದಿಲ್ಲ. ಸುತ್ತ ಗಾಯದ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಮುಖಕ್ಕೆ ಸುತ್ತಿದ ಟವೆಲ್ ಈ ಕಣವನ್ನು ತಡೆಯುವುದಿಲ್ಲ.

ನಮ್ಮ ನೆಲಕ್ಕೆ ಇದು ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ತಪಾಸಣೆ ನಡೆದಾಗ ನೂರರಲ್ಲಿ ನಲವತ್ತಕ್ಕಿಂತ ಜಾಸ್ತಿ ಮಂದಿಗೆ ಈ ಕಾಯಿಲೆ ಇತ್ತು. ಚಿನ್ನ ಇದ್ದದ್ದೇ ಬೆಣಚು ಕಲ್ಲಿನೊಳಗೆ. ಅಷ್ಟು ಹಿಂದೆಯೇ ಗೊತ್ತಿದ್ದ ವಿಷಯ ಇವತ್ತಿಗೂ ಕಟಿಂಗ್ ಶೆಡ್ ತಲುಪಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಪತ್ರ ಓದಿ ಕಾಯಿಲೆ ಹೇಳಲು ನಾನು ವೈದ್ಯನಲ್ಲ. ಆದರೆ ಎಕ್ಸ್‌ರೇಯಲ್ಲಿ ಟಿಬಿ ಮತ್ತು ಸಿಲಿಕೋಸಿಸ್ ಒಂದರಂತೆ ಇನ್ನೊಂದು ಕಾಣುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ತಗಲುತ್ತದೆ ಕೂಡ. ಹಾಗಾಗಿ ಈಗ ಟಿಬಿ ಮಾತ್ರೆ ನಡೆಯುತ್ತಿದ್ದರೆ ಅವರಾಗಿ ನಿಲ್ಲಿಸುವುದು ಬೇಡ. ಎದೆರೋಗ ತಜ್ಞರಿಗೆ ತೋರಿಸಿ. ಅವರು ಕೇಳದಿದ್ದರೂ ನೀವೇ ಹೇಳಿ: ಕಲ್ಲು ಕೊಯ್ಯುವ ಕೆಲಸ, ಇಷ್ಟು ವರ್ಷ, ದಿನಕ್ಕೆ ಇಷ್ಟು ಗಂಟೆ, ನೀರು ಬಿಡದೆ ಒಣ ಕಟಿಂಗ್. ‘ಕೂಲಿ’ ಅಂತ ಬರೆಸಿದರೆ ವೈದ್ಯರಿಗೆ ಧೂಳು ಕಾಣುವುದಿಲ್ಲ.

ಬೀಡಿ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಲಿಕೋಸಿಸ್ ಬೀಡಿಯಿಂದ ಬರುವುದಿಲ್ಲ. ಕಾನೂನಿನ ವೃತ್ತಿ ಕಾಯಿಲೆಗಳ ಪಟ್ಟಿಯಲ್ಲಿ ಅದರ ಹೆಸರಿದೆ, ಪರಿಹಾರ ಕೇಳಬಹುದು. ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಅಲ್ಲಿಗೆ ಹೋಗಿ, ಇಲ್ಲದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಧೂಳಿನಿಂದ ದೂರ ಸರಿದ ಮೇಲೂ ಅದು ಹೆಚ್ಚಬಹುದು, ಆದರೆ ಹೊಸ ಧೂಳು ಒಳಗೆ ಸೇರುವುದಾದರೂ ತಪ್ಪುತ್ತದೆ. ಅದೇ ಶೆಡ್ಡಿನಲ್ಲಿ ಇನ್ನೂ ಹುಡುಗರು ಕೆಲಸ ಮಾಡುತ್ತಿರಬಹುದು. ಬ್ಲೇಡಿನ ಮೇಲೆ ನೀರು ಬಿಟ್ಟು ಕೊಯ್ದರೆ ಧೂಳು ಬಹಳ ಮಟ್ಟಿಗೆ ಕೆಸರಾಗಿ ಕೆಳಗೇ ಬೀಳುತ್ತದೆ. ಅದಕ್ಕೆ ಬೇಕಾದದ್ದು ಒಂದು ಪೈಪು, ಒಂದು ಸಣ್ಣ ಪಂಪು. ಮಾಲೀಕರಿಗೆ ಈ ಪುಟ ತೋರಿಸಿ. ಹಳೇ ಎಕ್ಸ್‌ರೇ, ಚೀಟಿ, ಸಂಬಳದ ಲೆಕ್ಕ ಯಾವುದನ್ನೂ ಎಸೆಯಬೇಡಿ.