ಕುದುರೆ ರೇಸ್ ಮಧ್ಯದಲ್ಲಿ ನಿಲ್ಲಿಸ್ಬೇಕಾದ್ರೆ ಸೈರನ್ ಒಳ್ಳೇದಾ, ಫ್ಲ್ಯಾಶ್ ಲೈಟಾ? ನಮ್ಮ ರೈಡಿಂಗ್ ಕ್ಲಬ್‌ಗೆ ಯಾವುದು ಹಾಕಿಸೋದು?

ಈಗಲೇ ಎರಡೂ ಬೇಡ. ಬಾವುಟ ಹಿಡಿಯೋರು ಎಲ್ಲಿ ನಿಲ್ಬೇಕು ಅನ್ನೋದನ್ನ ಮೊದ್ಲು ತೀರ್ಮಾನ ಮಾಡಿ. ನಾವೂ ನಿಮ್ಮ ಥರಾನೇ ಸೈರನ್ನಾ ಲೈಟಾ ಅಂತ ಮೀಟಿಂಗ್ ಮಾಡ್ಕೊಂಡು ಕೂತಿದ್ವಿ, ಇದನ್ನ ಮಾತ್ರ ಯಾರೂ ಕೇಳ್ಲಿಲ್ಲ.

ನಾನಿರೋದು ಇಂಗ್ಲೆಂಡ್‌ನಲ್ಲಿ. ಇಲ್ಲಿ ಹಳ್ಳಿ ಕಡೆ ಪಾಯಿಂಟ್-ಟು-ಪಾಯಿಂಟ್ ಅಂತ ಹವ್ಯಾಸಿ ಸವಾರರ ರೇಸ್ ನಡೆಯುತ್ತೆ, ಸಾಮಾನ್ಯವಾಗಿ 3 ಮೈಲಿ, ಬೇಲಿ ಹಾರ್ಕೊಂಡು ಅದೇ ಸುತ್ತನ್ನ ಮತ್ತೆ ಹಾಕ್ಬೇಕು. ನಾನು ಒಂದು ಬೇಲಿ ಹತ್ರ ವಾಲಂಟಿಯರ್. ಒಂದ್ಸಲ ಮೊದಲನೇ ಸುತ್ತಲ್ಲೇ ಒಬ್ರು ಬಿದ್ರು, ಬೇಲಿಯ ಆಚೆ ಬದಿ, ಎದ್ದೇಳೋಕೆ ಆಗ್ತಿಲ್ಲ, ಡಾಕ್ಟರ್ ಓಡಿ ಬಂದು ಪಕ್ಕದಲ್ಲೇ ಮಂಡಿಯೂರಿದ್ರು. ರೇಸ್ ನಿಲ್ಲಿಸಿ ಅಂತ ರೇಡಿಯೋದಲ್ಲಿ ಬಂತು. ಹಳದಿ ಬಾವುಟ ಇತ್ತು, ಸೀಟಿ ಇತ್ತು, ಎಲ್ಲಾ ಇತ್ತು. ಆದ್ರೆ ನಾವು ನಿಂತಿದ್ದು ಬೇಲಿ ಪಕ್ಕದಲ್ಲೇ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಡವಟ್ಟಾಗಿದ್ದೇ ಇಲ್ಲಿ. ಕುದುರೆ ಗಂಟೆಗೆ 50 ಕಿ.ಮೀ. ಅಂತಿಟ್ಕೊಳ್ಳಿ, ಸೆಕೆಂಡಿಗೆ ಹೆಚ್ಚುಕಮ್ಮಿ 14 ಮೀಟರ್. ಸವಾರನಿಗೆ ಬಾವುಟ ಕಂಡು, ಅದು ನನಗೇ ಅಂತ ಹೊಳೆದು, ಲಗಾಮು ಎಳೆಯೋಕೆ ಶುರು ಮಾಡೋಷ್ಟರಲ್ಲಿ 3 ಸೆಕೆಂಡ್ ಹೋದ್ರೂ 40 ಮೀಟರ್ ಮುಗೀತು, ಕುದುರೆ ಇನ್ನೂ ನಿಧಾನ ಆಗೋಕೇ ಶುರುವಾಗಿಲ್ಲ. ಅದು ಬೈಕ್ ಅಲ್ಲ, ಬ್ರೇಕ್ ಒತ್ತಿದ ತಕ್ಷಣ ನಿಲ್ಲಲ್ಲ. ಮೇಲಾಗಿ ಬೇಲಿ ಹತ್ರ ಬಂದಾಗ ಸವಾರನ ಕಣ್ಣು ಬೇಲಿ ಮೇಲೇ ಇರುತ್ತೆ, ಪಕ್ಕದಲ್ಲಿ ಯಾರು ಏನು ಬೀಸ್ತಿದ್ದಾರೆ ಅಂತ ನೋಡಲ್ಲ. ಮುಂದಿದ್ದೋರು ಕೊನೇ ಘಳಿಗೇಲಿ ಎಳೆದ್ರು, ಹಿಂದಿದ್ದ ಕುದುರೆಗಳು ಬಂದು ಗುದ್ದಿದ್ವು, ಒಬ್ಬ ಹುಡುಗಿಯ ಕಾಲರ್ ಬೋನ್ ಮುರೀತು. ಅದೇ ಬಾವುಟ 200 ಮೀಟರ್ ಹಿಂದೆ ಇದ್ದಿದ್ರೆ ಎಲ್ರೂ ನಿಧಾನಕ್ಕೆ ನಿಲ್ತಿದ್ರು.

ದೊಡ್ಡ ರೇಸಲ್ಲೂ ಇಂಥದ್ದು ಆಗಿದೆ. 1993ರ ಏಪ್ರಿಲ್ 3, ಲಿವರ್‌ಪೂಲ್ ಹತ್ರದ ಏಂಟ್ರಿ ರೇಸ್‌ಕೋರ್ಸಲ್ಲಿ ಗ್ರ್ಯಾಂಡ್ ನ್ಯಾಷನಲ್, ಬೇಲಿ ಹಾರೋ ರೇಸ್‌ಗಳಲ್ಲಿ ಇಲ್ಲಿ ಅತಿ ಹೆಸರುವಾಸಿ. ಎರಡನೇ ಸಲ ಸ್ಟಾರ್ಟ್ ಕೆಟ್ಟು, ಶುರುವಿನ ಜಾಗದಲ್ಲಿ ಅಡ್ಡ ಕಟ್ಟಿದ್ದ ಟೇಪ್ ಒಬ್ಬ ಜಾಕಿ ಕುತ್ತಿಗೆಗೆ ಸುತ್ಕೊಳ್ತು, ವಾಪಸ್ ಬನ್ನಿ ಅಂತ ಸ್ಟಾರ್ಟರ್ (ರೇಸ್ ಶುರು ಮಾಡಿಸೋ ಅಧಿಕಾರಿ) ಬೀಸಿದ ಬಾವುಟ ಬಿಚ್ಕೊಳ್ಳಲೇ ಇಲ್ಲ, ಮುಂದೆ ಬಾವುಟ ಹಿಡಿದು ನಿಂತಿದ್ದವನನ್ನ ಜಾಕಿಗಳು ಗಮನಿಸಲಿಲ್ಲ. 39ರಲ್ಲಿ 30 ಕುದುರೆ ಹೊರಟೇ ಹೋದ್ವು. ದಾರಿಯಲ್ಲಿ ಅಡ್ಡ ನಿಂತು ನಿಲ್ಲಿಸೋಕೆ ನೋಡಿದ ಸಿಬ್ಬಂದಿಯನ್ನ ಪ್ರತಿಭಟನೆಯವರು ಅಂದ್ಕೊಂಡ ಜಾಕಿಗಳೂ ಇದ್ರು, ಅವತ್ತು ಪ್ರಾಣಿದಯೆಯವರ ಪ್ರತಿಭಟನೆ ನಿಜಕ್ಕೂ ಆಗಿತ್ತು. 7 ಕುದುರೆ ಪೂರ್ತಿ ಓಡಿ ಮುಗಿಸಿದ್ವು, ಮೊದಲು ಬಂದಿದ್ದು ಎಶಾ ನೆಸ್, ಆದ್ರೆ ರೇಸೇ ರದ್ದು. ಆಮೇಲೆ ತನಿಖೆ ಮಾಡಿದೋರು ಎಲೆಕ್ಟ್ರಾನಿಕ್ ಸಿಸ್ಟಮ್ ಬೇಡ ಅಂದು ಬಾವುಟನೇ ಉಳಿಸ್ಕೊಂಡ್ರು: ಕಣ್ಣಿಗೆ ಹೊಡೆಯೋ ಫ್ಲೋರೆಸೆಂಟ್ ಹಳದಿ, ಟ್ರ್ಯಾಕಲ್ಲಿ ಇನ್ನೂ ಮುಂದೆ ಇಬ್ಬರು, ಸ್ಟಾರ್ಟರ್ ಜೊತೆ ರೇಡಿಯೋ, ಅದೂ ಕಾಣದೇ ಹೋದ್ರೆ ಕಾರಲ್ಲಿ ಹಿಂದೆ ಹೋಗೋಕೆ ಮೂರನೆಯವನು. ನನಗೆ ಇದು ಸರಿ ಅನ್ಸುತ್ತೆ.

ಸೈರನ್ ಬಗ್ಗೆ ನನ್ನ ತಕರಾರು ಇಷ್ಟೇ: ಗಾಳಿ ಎದುರಿದ್ರೆ, ಗೊರಸಿನ ಸದ್ದು ಜೋರಿದ್ರೆ ಕೇಳಿಸೋ ಗ್ಯಾರಂಟಿ ಇಲ್ಲ, ಕೇಳಿಸಿದ್ರೆ ಅಭ್ಯಾಸ ಇಲ್ಲದ ಕುದುರೆ ಬೆದರುತ್ತೆ. ಹಾಕಿಸಲೇಬೇಕು ಅಂತಿದ್ರೆ ಬೆಳಗಿನ ಓಟದ ತಾಲೀಮಲ್ಲಿ ತಿಂಗಳುಗಟ್ಟಲೆ ಕೇಳಿಸಿ ರೂಢಿ ಮಾಡಿಸಿ. ಅಲ್ಲಿವರೆಗೂ ಆ ದುಡ್ಡಲ್ಲಿ ಒಳ್ಳೇ ವಾಕಿ-ಟಾಕಿ ತಗೊಳ್ಳಿ, ಕುದುರೆ ಬರೋ ಕಡೆ, ಪ್ರತಿ ಬೇಲಿಗೂ ಸಾಕಷ್ಟು ದೂರ ಮೊದಲೇ ಒಬ್ಬರನ್ನ ನಿಲ್ಲಿಸಿ, ಪ್ರತಿ ರೇಸಿಗೆ ಮುಂಚೆ ಸವಾರರನ್ನ ಕರ್ಕೊಂಡು ಹೋಗಿ ಆ ಜಾಗ ತೋರ್ಸಿ. ಬಾವುಟ ಸುತ್ತಿ ಕಂಕುಳಲ್ಲಿ ಇಟ್ಕೊಳ್ಳೋಕೆ ಯಾರಿಗೂ ಬಿಡ್ಬೇಡಿ, ಬಿಚ್ಚಿ ಕೈಯಲ್ಲೇ ಇರ್ಲಿ.